ಪಾಸ್ ಇದ್ದ ಮಾತ್ರಕ್ಕೆ

ಹಲಗೂರಿನಿಂದ ಹೊರಟು ಗಗನಚುಕ್ಕಿ ನೋಡಿಕೊಂಡು ಬರಲು ನಮ್ಮಕ್ಕನಿಗೆ ಬಸ್ಸಿಗೆಂದು ಒಂದು ಪೈಸೆಯೂ ಖರ್ಚಿಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಅವಳ ಪರ್ಸಿನಲ್ಲಿ ಮೊದಲು ಆಧಾರ್ ಕಾರ್ಡ್, ಆಮೇಲೆ ಎಲೆ ಅಡಿಕೆ. ಕಂಡಕ್ಟರ್ ಮೆಷಿನ್ನಿನಿಂದ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರೆ ಅದನ್ನು ನಾಲ್ಕು ಮಡಿಕೆ ಮಾಡಿ ಬಳೆಯ ಸಂದಿಗೆ ಸಿಕ್ಕಿಸಿಕೊಳ್ಳುತ್ತಾಳೆ. ಪಕ್ಕದಲ್ಲಿ ಕೂತ ನಾನು ದುಡ್ಡು ಎಣಿಸಿ ಕೊಡುತ್ತೇನೆ. ಒಂದೇ ಬಸ್ಸು, ಒಂದೇ ದಾರಿ, ಒಂದೇ ಜಲಪಾತ. ಆದರೂ ಆ ದಿನ ನಾವಿಬ್ಬರೂ ಮಾಡಿದ್ದು ಬೇರೆ ಬೇರೆ ಪ್ರವಾಸ. ಅವಳು ಆರಾಮಾಗಿದ್ದಳು, ನಾನು ಗಡಿಯಾರ ನೋಡುತ್ತಿದ್ದೆ. ಕಾರಣ ಟಿಕೆಟ್ಟೇ ಇರಬೇಕು ಎಂದುಕೊಂಡೆ. ಆದರೆ ಹಿಂದಿನ ಚಳಿಗಾಲದಲ್ಲಿ ಇದೇ ಅಕ್ಕನ ಜೊತೆ ಕಾಶ್ಮೀರದ ಗುಲ್ಮಾರ್ಗಿನಲ್ಲಿ ಕೇಬಲ್ ಕಾರಿನ ಕ್ಯೂ ನಿಂತದ್ದು ನೆನಪಾಗಿ, ಆ ವಿವರಣೆ ಅಷ್ಟು ಸಲೀಸಾಗಿ ಒಗ್ಗಲಿಲ್ಲ.

ಹಲಗೂರು ಯಾರೂ ಪ್ರವಾಸಕ್ಕೆಂದು ಬರುವ ಊರಲ್ಲ, ಪ್ರವಾಸಕ್ಕೆ ಹೊರಟವರು ಹಾದುಹೋಗುವ ಊರು. ಮಳವಳ್ಳಿ ತಾಲ್ಲೂಕಿನ ಹೋಬಳಿ. ಬೆಂಗಳೂರಿನಿಂದ ಕನಕಪುರ, ಸಾತನೂರು ದಾಟಿ ಬಂದ ಹೆದ್ದಾರಿ ಇಲ್ಲಿಂದ ಮಳವಳ್ಳಿ, ಕೊಳ್ಳೇಗಾಲದ ಕಡೆ ಹೋಗುತ್ತದೆ. ಹಳಬರ ಬಾಯಲ್ಲಿ ಅದಿನ್ನೂ 209, ಈಗಿನ ಬೋರ್ಡಿನಲ್ಲಿ 948. ದಕ್ಷಿಣಕ್ಕೆ ತಿರುಗಿದರೆ ಕಾಡಿನ ದಾರಿಯಲ್ಲಿ ಮುತ್ತತ್ತಿ, ಅದರಾಚೆ ಭೀಮೇಶ್ವರಿ. ನೆಟ್ಟಗೆ ಹೋದರೆ ಮಳವಳ್ಳಿ, ಅಲ್ಲಿಂದ ಶಿಂಷಾ, ಬ್ಲಫ್, ಗಗನಚುಕ್ಕಿ. ಶನಿವಾರ ಬೆಳಿಗ್ಗೆ ಬೆಂಗಳೂರಿನ ಕಾರುಗಳು ಇಲ್ಲಿ ನಿಂತು ಇಡ್ಲಿ ತಿಂದು ಹೊರಡುತ್ತವೆ. ಹೋಟೆಲಿನ ಗಲ್ಲಾದ ಮುಂದೆ ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಒಂದೇ ದಿನಕ್ಕೆ ಎಷ್ಟು ಜಾಗ ಕವರ್ ಆಗುತ್ತೆ?” ಗುಲ್ಮಾರ್ಗಿನ ಕ್ಯೂನಲ್ಲೂ ನಾಲ್ಕಾರು ಭಾಷೆಗಳಲ್ಲಿ ಕೇಳಿಬಂದದ್ದು ಇದೇ ಪ್ರಶ್ನೆ.

ನಾನು ಓದುವಾಗ ಈ ಲೆಕ್ಕವೇ ಇರಲಿಲ್ಲ. ಆಗ ನಮ್ಮ ಕಡೆ ಪಾಸ್ ಅಂದರೆ ವಿದ್ಯಾರ್ಥಿಗಳ ಬಸ್ ಪಾಸ್, ಬೇರೆ ಯಾವುದೂ ಗೊತ್ತಿರಲಿಲ್ಲ. ಒಂದು ಫೋಟೊ, ಕಾಲೇಜಿನ ಸೀಲು, ಎರಡು ಊರಿನ ಹೆಸರು. ಹಲಗೂರು–ಮಳವಳ್ಳಿ ಎಂದಿದ್ದರೆ ಅಷ್ಟೇ. ಅದರಾಚೆ ಒಂದು ಸ್ಟಾಪು ಹೋದರೂ ಕಂಡಕ್ಟರ್ ದುಡ್ಡು ಕೇಳುತ್ತಿದ್ದ. ಆ ಪಾಸ್ ಇಟ್ಟುಕೊಂಡ ಯಾರೂ ಅದರ ದುಡ್ಡು ಗಿಟ್ಟಿಸಲೆಂದು ಒಂದೇ ದಿನ ಹತ್ತು ಸಲ ಮಳವಳ್ಳಿಗೆ ಹೋಗಿ ಬಂದದ್ದಿಲ್ಲ. ಬೆಳಿಗ್ಗೆ ಕಾಲೇಜು, ಸಂಜೆ ಮನೆ. ಇವತ್ತು ಬೆಂಗಳೂರಿನಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸಿನ ದಿನದ ಪಾಸ್ ಕೊಳ್ಳುವವರೂ ಹಾಗೆಯೇ. 2025ರ ಜನವರಿಯಲ್ಲಿ ದರ ಏರಿದ ಮೇಲೆ ಅದಕ್ಕೆ 80 ರೂಪಾಯಿ. ಆಸ್ಪತ್ರೆ, ಬ್ಯಾಂಕು, ಮಾರ್ಕೆಟ್ಟು ಅಂತ ಮೂರು ನಾಲ್ಕು ಬಸ್ ಹತ್ತುವ ಕೆಲಸವಿದ್ದರೆ ಕೊಳ್ಳುತ್ತಾರೆ, ಇಲ್ಲದಿದ್ದರೆ ಟಿಕೆಟ್ ತಗೊಳ್ಳುತ್ತಾರೆ. ಎಷ್ಟು ಓಡಾಡಬೇಕೆಂದು ಹೇಳುವುದು ಕೆಲಸ. ರಜೆಯಲ್ಲಿ ಅಂಥ ಕೆಲಸವೇ ಇಲ್ಲ. ಬೆಟ್ಟ ಹತ್ತಲೇಬೇಕೆಂದು ಯಾರೂ ಅಪ್ಪಣೆ ಕೊಟ್ಟಿಲ್ಲ, ಹಿಮದ ಮೇಲೆ ಜಾರದಿದ್ದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಕೆಲಸ ಖಾಲಿ ಬಿಟ್ಟ ಆ ಜಾಗಕ್ಕೆ ಕೊಟ್ಟ ದುಡ್ಡು ಬಂದು ಕೂತು ಯಜಮಾನಿಕೆ ಮಾಡತೊಡಗುತ್ತದೆ.

ಗುಲ್ಮಾರ್ಗಿನ ಏರ್ಪಾಡೆಲ್ಲ ಅಕ್ಕನ ಮಗನದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಎಲ್ಲಕ್ಕೂ ಎಕ್ಸೆಲ್ ಹಾಳೆ. ಅವನಿಗೆ ಸ್ಕೀ ಕಲಿಯುವ ಆಸೆ, ಜೊತೆಗೆ ಅಪ್ಪ ಅಮ್ಮನಿಗೆ ಹಿಮ ತೋರಿಸುವ ಆಸೆ. ಅವನ ಹಾಳೆಯಲ್ಲಿ ವಿಮಾನ, ಹೋಟೆಲು, ಬೂಟಿನ ಬಾಡಿಗೆ, ಗೊಂಡೋಲಾ ಎಂಬ ಕೇಬಲ್ ಕಾರಿನ ಟಿಕೆಟ್ ಎಲ್ಲಕ್ಕೂ ಒಂದೊಂದು ಸಾಲು. ಕೊನೆಯ ಕಾಲಮ್ಮಿನಲ್ಲಿ ‘ಒಂದು ಗಂಟೆಗೆ ಎಷ್ಟು ಬಿತ್ತು’ ಎಂಬ ಲೆಕ್ಕ.

ಗುಲ್ಮಾರ್ಗ್ ಇರುವುದೇ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾದ ಮೊದಲ ಹಂತ ಅಲ್ಲಿಂದ ಕೊಂಗ್‌ಡೂರಿಗೆ, ಸುಮಾರು 3,100 ಮೀಟರಿಗೆ ಏರುತ್ತದೆ. ಎರಡನೆಯ ಹಂತ ಅಫರ್‌ವಟ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿಗೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಂಥ ಎರಡು ಗಿರಿಗಳನ್ನು ಒಂದರ ಮೇಲೊಂದು ಇಟ್ಟಷ್ಟು. ಮೊದಲ ಹಂತ ಶುರುವಾದದ್ದು 1998ರಲ್ಲಿ, ಎರಡನೆಯದು 2005ರಲ್ಲಿ. ಕಟ್ಟಿದ್ದು ಫ್ರಾನ್ಸಿನ ಪೊಮಗಾಲ್ಸ್ಕಿ ಕಂಪನಿ, ನಡೆಸುವುದು ಜಮ್ಮು ಕಾಶ್ಮೀರದ ಕೇಬಲ್ ಕಾರ್ ನಿಗಮ. ಎರಡೂ ಹಂತಕ್ಕೆ ಬೇರೆ ಬೇರೆ ಟಿಕೆಟ್, ಮುಂಚಿತವಾಗಿ ಆನ್‌ಲೈನಿನಲ್ಲೇ ಕಾಯ್ದಿರಿಸಬೇಕು. ಅಲ್ಲಿ ಬೆಲೆ ಗೊತ್ತಾಗಿರುವ ವಸ್ತು ಅದೊಂದೇ ಅನ್ನಬಹುದು. ಕುದುರೆ, ಕೋಟು, ಬೂಟು, ಹಿಮದ ಮೇಲೆ ಎಳೆದುಕೊಂಡು ಹೋಗುವ ಮರದ ಹಲಗೆಯ ಗಾಡಿ, ಇವೆಲ್ಲಕ್ಕೂ ಬಾಯಿ ಚುರುಕಿದ್ದಷ್ಟು ರೇಟು.

ಅಳಿಯ ನಮ್ಮೆಲ್ಲರಿಗೂ ಎರಡೂ ಹಂತದ ಟಿಕೆಟ್ ಮಾಡಿಸಿದ್ದ. ಕೊಂಗ್‌ಡೂರಿಯಲ್ಲಿ ಇಳಿದ ಅಕ್ಕ ಸುತ್ತ ಒಮ್ಮೆ ನೋಡಿ, ಚಹಾ ಅಂಗಡಿಯ ಮುಂದಿನ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಳು. “ನಂಗೆ ಇಲ್ಲಿಗೇ ಸಾಕು ಕಣಪ್ಪ. ಇಲ್ಲೂ ಅದೇ ಹಿಮ, ಅಲ್ಲೂ ಅದೇ ಹಿಮ. ನೀವು ಹೋಗ್ಬುಟ್ ಬನ್ನಿ.”

ಭಾವನಿಗೆ ರೇಗಿತು. “ಟಿಕೆಟ್ ತಗೊಂಡಾಗದೆ. ಇಷ್ಟು ದೂರ ಬಂದು ಅರ್ಧಕ್ಕೆ ಕೂತ್ಕೊಂಡ್ರೆ ಆ ದುಡ್ಡು ಯಾರಿಗೆ?”

“ತಗೊಂಡಾಗದಲ್ಲ, ಹೋದ ದುಡ್ಡು ಹೋಯ್ತು. ಅದ್ರ ಹಿಂದೆ ನನ್ನ ಮಂಡಿಯೂ ಯಾಕೆ ಹೋಗ್ಬೇಕು?”

ನಾವು ಮೂವರು ಮೇಲಕ್ಕೆ ಹೋದೆವು. ಆ ಎತ್ತರದಲ್ಲಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಉಸಿರು ಎದೆ ತುಂಬ ಬರುವುದಿಲ್ಲ. ಗಾಳಿ ಮುಖದ ಚರ್ಮ ಸುಲಿಯುವಂತೆ ಬೀಸುತ್ತದೆ. ಮೋಡ ಕವಿದಿತ್ತು. ಅಲ್ಲಿಂದ ಕಾಣಬೇಕಾದ ಪರ್ವತ ಸಾಲಿನ ಬದಲು ಮೇಲೂ ಬಿಳುಪು, ಕೆಳಗೂ ಬಿಳುಪು. ಭಾವ ಕೈ ನಡುಗಿಸಿಕೊಂಡೇ ಫೋಟೊ ತೆಗೆಸಿಕೊಂಡರು. ಕಾಲು ಗಂಟೆಯೊಳಗೆ “ಇಳಿಯೋಣ” ಅಂದರು. ಕೆಳಗೆ ಬಂದಾಗ ಅಕ್ಕ ಪಕ್ಕದ ಕುರ್ಚಿಯ ಪಂಜಾಬಿ ಅಜ್ಜಿಯ ಜೊತೆ ಭಾಷೆಯ ಹಂಗಿಲ್ಲದೆ ಹರಟುತ್ತಿದ್ದಳು. ಮಕ್ಕಳು ಜಾರುವುದು, ಬೀಳುವುದು, ಎದ್ದು ಮತ್ತೆ ಜಾರುವುದು ಎಲ್ಲವನ್ನೂ ನೋಡಿದ್ದಳು. ಯಾರ ದುಡ್ಡು ಗಿಟ್ಟಿತು ಎಂಬ ಕಾಲಮ್ಮು ಅಳಿಯನ ಹಾಳೆಯಲ್ಲಿ ಇರಲಿಲ್ಲ.

ಅಳಿಯನಿಗೆ ಎದುರಾದ ಲೆಕ್ಕವೇ ಬೇರೆ. ನೋಡಲು ಬಂದವರು ಒಮ್ಮೆ ಏರಿ ಒಮ್ಮೆ ಇಳಿಯುತ್ತಾರೆ. ಸ್ಕೀ ಮಾಡುವವರಿಗೆ ಲಿಫ್ಟ್ ಬೇಕಿರುವುದು ಏರಲು ಮಾತ್ರ. ಇಳಿಯುವುದು ಅವರ ಕಾಲಿನದು. ಹಾಗಾಗಿ ಎಷ್ಟು ಸಲ ಏರಿದರೆ ಅಷ್ಟು ಲಾಭ. ಲೋಕದ ಸ್ಕೀ ಊರುಗಳಲ್ಲೆಲ್ಲ ಲಿಫ್ಟ್ ಪಾಸ್ ಹುಟ್ಟಿದ್ದು ಈ ಲೆಕ್ಕದಿಂದಲೇ. ಆದರೆ ಹೊಸಬನಿಗೆ ಆ ಲೆಕ್ಕ ಬರುವುದು ಬಹಳ ತಡವಾಗಿ. ಅವನ ಮೇಷ್ಟ್ರು, ಅಲ್ಲಿನ ಹಳ್ಳಿಯವನೇ, ಸ್ಕೀ ಕಟ್ಟಿಕೊಂಡು ಗೊಂಡೋಲಾದ ಕಡೆ ತಲೆ ಹಾಕಲೂ ಬಿಡಲಿಲ್ಲ. ಊರ ಪಕ್ಕದ ಸಣ್ಣ ಇಳಿಜಾರಿನಲ್ಲೇ ನಿಲ್ಲಿಸಿ, ಮೊದಲು ಬೀಳುವುದು, ಆಮೇಲೆ ಏಳುವುದು, ಆಮೇಲೆ ನಿಲ್ಲುವುದು ಕಲಿಸಿದ. ಜಾರುವುದಕ್ಕೆ ಕಲಿಕೆ ಬೇಡ, ಅದನ್ನು ಹಿಮವೇ ನೋಡಿಕೊಳ್ಳುತ್ತದೆ ಎಂಬುದು ಅವನ ಪಾಠ. ದೊಡ್ಡ ಲಿಫ್ಟಿನ ಟಿಕೆಟ್ ಎಷ್ಟಿದ್ದರೇನು, ನಿಲ್ಲಲು ಬಾರದವನಿಗೆ ಅದು ಬರೀ ಕಾಗದ.

ಕಾಗದವಾದರೂ ಪರವಾಗಿಲ್ಲ, ಕೆಲವು ಸಲ ಅದಕ್ಕಿಂತ ಕಷ್ಟ. ಅಫರ್‌ವಟ್‌ನ ಮೇಲಿನ ಇಳಿಜಾರುಗಳು ಯಂತ್ರದಿಂದ ಹದ ಮಾಡಿದ ಮೈದಾನವಲ್ಲ, ಹಿಮಕುಸಿತವಾಗುವ ಬೆಟ್ಟ. 2023ರ ಫೆಬ್ರವರಿಯಲ್ಲಿ ಅಲ್ಲಿ ಪೋಲೆಂಡಿನ ಇಬ್ಬರು ಸ್ಕೀ ಪ್ರವಾಸಿಗರು ಹಿಮದಡಿ ಸಿಕ್ಕಿ ಸತ್ತರು. ಲಿಫ್ಟ್ ಯಾರನ್ನಾದರೂ ಮೇಲಕ್ಕೆ ಒಯ್ಯುತ್ತದೆ. ಇಳಿಯುವ ಯೋಗ್ಯತೆ ಇದೆಯೇ ಎಂದು ಅದು ಕೇಳುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಗುಲ್ಮಾರ್ಗಿನಲ್ಲೇ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಕೋರ್ಸ್ ನಡೆಸುತ್ತದೆ. ಬಿಡಿಬಿಡಿಯಾಗಿ ಟಿಕೆಟ್, ಬೂಟು, ಮೇಷ್ಟ್ರು ಅಂತ ಕೊಳ್ಳುವುದಕ್ಕಿಂತ ಅದರ ಬಗ್ಗೆ ಮೊದಲು ವಿಚಾರಿಸುವುದು ಒಳ್ಳೆಯದು.

ಇಷ್ಟಾದರೂ ಹಿಮ ಬಿದ್ದಿದ್ದರೆ ಮಾತ್ರ ಈ ಮಾತೆಲ್ಲ. 2024ರ ಜನವರಿಯ ಬಹುಪಾಲು ಗುಲ್ಮಾರ್ಗಿನಲ್ಲಿ ಹಿಮವೇ ಇರಲಿಲ್ಲ. ಸ್ಕೀ ಓಡಬೇಕಾದ ಇಳಿಜಾರಿನಲ್ಲಿ ಕಂದು ಬಣ್ಣದ ಒಣ ಹುಲ್ಲು ನಿಂತ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಗಾಳಿ ಜೋರಾದರೆ ಎರಡನೆಯ ಹಂತ ನಿಲ್ಲುತ್ತದೆ. ಲಿಫ್ಟ್ ಪಾಸಿನ ಮೇಲೆ ದಿನಾಂಕ ಅಚ್ಚಾಗಿರುತ್ತದೆ, ಹವಾಮಾನ ಅಚ್ಚಾಗಿರುವುದಿಲ್ಲ.

ಇದೇ ಗುಟ್ಟನ್ನು ವ್ಯಾಪಾರವಾಗಿ ಮಾಡಿಕೊಂಡದ್ದು ಅಮೆರಿಕದವರು. ಅಕ್ಕನ ಮಗಳು ಡೆನ್ವರಿನಲ್ಲಿದ್ದಾಳೆ. ಗಂಡ, ಮಕ್ಕಳೆಲ್ಲ ಸ್ಕೀ ಮಾಡುತ್ತಾರೆ. ಗುಲ್ಮಾರ್ಗಿನಿಂದ ವಿಡಿಯೊ ಕಾಲ್ ಮಾಡಿದಾಗ ನಮ್ಮ ಟಿಕೆಟ್ ದರ ಕೇಳಿ ನಕ್ಕಳು. “ಮಾವ, ಇಲ್ಲಿ ಕೆಲವು ಕಡೆ ಒಂದು ದಿನದ ಟಿಕೆಟ್ ಮುನ್ನೂರು ಡಾಲರ್ ದಾಟದೆ. ಯಾರೂ ಅದನ್ನ ಕೊಳ್ಳಲ್ಲ. ಎಲ್ಲಾರೂ ಸೀಸನ್ ಪಾಸ್ ತಗೊಳ್ಳಲಿ ಅಂತಾನೇ ಆ ರೇಟು.” ವೇಲ್ ರಿಸಾರ್ಟ್ಸ್ ಕಂಪನಿ 2008ರಲ್ಲಿ ಎಪಿಕ್ ಪಾಸ್ ಎಂಬುದನ್ನು 579 ಡಾಲರಿಗೆ ಮಾರಾಟಕ್ಕಿಟ್ಟಿತು. ತನ್ನ ಹಲವು ಬೆಟ್ಟಗಳಲ್ಲಿ ಇಡೀ ಚಳಿಗಾಲ ಎಷ್ಟು ಬೇಕಾದರೂ ಸ್ಕೀ ಮಾಡಬಹುದು. ಆದರೆ ಹಿಮ ಬೀಳುವ ಮೊದಲೇ ಕೊಳ್ಳಬೇಕು. 2018ರಲ್ಲಿ ಅದಕ್ಕೆ ಪೈಪೋಟಿಯಾಗಿ ಐಕಾನ್ ಪಾಸ್ ಬಂತು. ಕೊಳ್ಳುವವರ ಲೆಕ್ಕ ಸರಳ: ಮೂರು ನಾಲ್ಕು ದಿನ ಹೋದರೆ ಅಸಲು ಬಂತು, ಆಮೇಲಿನದೆಲ್ಲ ಲಾಭ. ಮಾರುವವರ ಲೆಕ್ಕ ಅದಕ್ಕಿಂತ ಸರಳ: ಹಿಮ ಬಿದ್ದರೂ ಬೀಳದಿದ್ದರೂ ದುಡ್ಡು ಬಂದಾಯಿತು. ಮೊದಲು ಕಂಪನಿಯ ತಲೆಯ ಮೇಲಿದ್ದ ಹವಾಮಾನದ ಭಾರ ರಿಯಾಯಿತಿಯ ಹೆಸರಿನಲ್ಲಿ ಪ್ರವಾಸಿಗನ ತಲೆಗೆ ದಾಟಿತು.

ಅವಳು ಹೇಳಿದ ಇನ್ನೊಂದು ಮಾತು ಮುಖ್ಯವಾದದ್ದು. ಮೊದಲ ವರ್ಷ ಪಾಸ್ ಇದೆಯಲ್ಲ ಎಂದು ಪ್ರತಿ ಶನಿವಾರ ಹೋಗುತ್ತಿದ್ದರಂತೆ. ಐ-70 ಹೆದ್ದಾರಿಯಲ್ಲಿ ಗಂಟೆಗಟ್ಟಲೆ ವಾಹನದ ಸಾಲು, ಮಕ್ಕಳ ಅಳು, ಸಂಜೆಯವರೆಗೆ ಬಿಡದೆ ಸುತ್ತು. ಈಗ ಅದೇ ಪಾಸ್, ಬೇರೆ ರೀತಿ. “ಎರಡು ಗಂಟೆ ಸ್ಕೀ ಮಾಡಿ, ಕಾಲು ಸೋತಿತು ಅಂದ್ರೆ ಮನೆಗೆ ಬಂದ್ಬಿಡ್ತೀವಿ ಮಾವ. ದಿನದ ಟಿಕೆಟ್ ಆಗಿದ್ರೆ ಹಂಗೆ ಬರೋಕೆ ಮನಸ್ಸು ಬರ್ತಿರ್ಲಿಲ್ಲ.” ಸೀಸನ್ ಪಾಸ್ ಅವಳಿಗೆ ಕೊಟ್ಟ ದೊಡ್ಡ ಸವಲತ್ತು ಹೆಚ್ಚು ಸುತ್ತುವುದಲ್ಲ, ಬೇಡವೆನಿಸಿದಾಗ ನಿಲ್ಲಿಸುವುದು.

ಲಿಫ್ಟೇ ಬೇಡದ ಸ್ಕೀಯೂ ಒಂದಿದೆ, ಅದರಲ್ಲಿ ಹೆಸರು ಮಾಡಿದವರೊಬ್ಬರು ಕನ್ನಡನಾಡಿನವರು ಎಂಬುದನ್ನು ಇಲ್ಲಿ ಹೇಳಬೇಕು. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಅವರ ಆಟದಲ್ಲಿ ಏರುವುದೂ ಕಾಲಿನಿಂದ, ಇಳಿಯುವುದೂ ಕಾಲಿನಿಂದ. ಹಿಮವೇ ಬೀಳದ ನಾಡಿನಿಂದ ಹೋದವರು ಲಿಫ್ಟಿನ ಹಂಗಿಲ್ಲದೆ ಬೆಟ್ಟ ಏರುತ್ತಾರೆ ಎಂದು ಅಳಿಯ ಹೇಳಿದಾಗ ಭಾವ ಮೊಬೈಲಿನಲ್ಲಿ ಅವರ ವಿಡಿಯೊವನ್ನು ಎರಡೆರಡು ಸಲ ಹಾಕಿಸಿಕೊಂಡು ನೋಡಿದರು.

ಇನ್ನು ಮಳೆಗಾಲದ ನಮ್ಮ ಬಸ್ ಪ್ರವಾಸಕ್ಕೆ ಬರುತ್ತೇನೆ. ಕನ್ನಂಬಾಡಿ ಕಟ್ಟೆ 124.80 ಅಡಿಯ ಭರ್ತಿ ಮಟ್ಟ ಮುಟ್ಟಿ ಗೇಟು ತೆಗೆದಿದ್ದರು, ಕಬಿನಿಯಿಂದಲೂ ನೀರು ಬಿಟ್ಟಿದ್ದರು. ಗಗನಚುಕ್ಕಿಗೆ ಹೋಗಬೇಕಾದ ಸಮಯ ಇದು. ಬೇಸಿಗೆಯಲ್ಲಿ ಹೋದವರಿಗೆ ಕಾಣುವುದು ಬಿಸಿಲಿಗೆ ಕಾದ ಬಂಡೆ, ಅದರ ಮೇಲೆ ಎಲ್ಲೋ ಒಂದೆರಡು ಬೆಳ್ಳಿ ಎಳೆ. ಗುಲ್ಮಾರ್ಗಿನಲ್ಲಿ ಹಿಮಕ್ಕೆ ಹೇಗೆ ಕಾಯಬೇಕೋ ಇಲ್ಲಿ ಕಟ್ಟೆಯ ಗೇಟಿಗೆ ಹಾಗೆ ಕಾಯಬೇಕು. ಪೇಪರಿನಲ್ಲಿ ಬರುವ ಒಳಹರಿವು, ಹೊರಹರಿವಿನ ಎರಡು ಸಾಲು ಯಾವ ಟ್ರಾವೆಲ್ ಏಜೆಂಟನ ಮಾತಿಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮಳವಳ್ಳಿಯಲ್ಲಿ ಬಸ್ ಬದಲಿಸಿ ಬೆಳಕವಾಡಿಯ ದಾರಿ ಹಿಡಿದು ಬ್ಲಫ್ ಕಡೆ ಹೊರಟೆವು. ಶಿವನಸಮುದ್ರದ ವಿದ್ಯುತ್ ಕಾಲೊನಿಗೆ ನಮ್ಮ ಜನ ಕರೆಯುವ ಹೆಸರು ಬ್ಲಫ್. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಕೈಗೆತ್ತಿಕೊಂಡು 1902ರಲ್ಲಿ ವಿದ್ಯುತ್ ಹರಿಸಿದ ಕೇಂದ್ರ ಇದು. ಇಲ್ಲಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಿದ್ದರು. ಬೆಂಗಳೂರಿಗೆ ದೀಪ ಬಂದದ್ದು ಅದರ ನಂತರ, 1905ರಲ್ಲಿ. ಮೇಲಿನ ದಂಡೆಯಿಂದ ಕೆಳಗಿನ ವಿದ್ಯುದಾಗಾರಕ್ಕೆ ಕಡಿದಾದ ಇಳಿಜಾರಿನಲ್ಲಿ ಹಳಿ ಹಾಸಿದೆ. ಉಕ್ಕಿನ ಹಗ್ಗಕ್ಕೆ ಕಟ್ಟಿದ ಟ್ರಾಲಿ ಅದರ ಮೇಲೆ ಏರಿಳಿಯುತ್ತದೆ. ಅದು ಕೆಲಸಗಾರರಿಗೆ, ಪ್ರವಾಸಿಗರಿಗಲ್ಲ. ಅದರಲ್ಲಿ ದಿನಕ್ಕೆ ಎಷ್ಟು ಸಲ ಏರಿ ಇಳಿದೆ, ಗಿಟ್ಟಿತೇ ಎಂದು ಯಾವ ನೌಕರನೂ ಕೇಳಿಕೊಂಡಿರಲಾರ.

ಬೆಟ್ಟ, ಉಕ್ಕಿನ ಹಗ್ಗ, ಅದನ್ನು ಸುತ್ತುವ ಯಂತ್ರ: ಸ್ಕೀ ಲಿಫ್ಟಿನ ಮೂಲವೂ ಇಷ್ಟೇ. ಜಗತ್ತಿನ ಮೊದಲ ಸ್ಕೀ ಕುರ್ಚಿ ಲಿಫ್ಟ್ 1936ರಲ್ಲಿ ಅಮೆರಿಕದ ಐಡಾಹೊ ರಾಜ್ಯದ ಸನ್ ವ್ಯಾಲಿಯಲ್ಲಿ ಓಡಿತು. ಅದನ್ನು ರೂಪಿಸಿದವನು ಯೂನಿಯನ್ ಪೆಸಿಫಿಕ್ ರೈಲ್ವೆಯ ಎಂಜಿನಿಯರ್ ಜೇಮ್ಸ್ ಕರನ್. ಹಡಗಿಗೆ ಬಾಳೆಗೊನೆ ತುಂಬಲು ಕೊಕ್ಕೆ ತಗುಲಿಸಿದ ಹಗ್ಗ ಓಡಿಸುವುದನ್ನು ಬಲ್ಲವನು ಅವನು. ಗೊನೆಯ ಕೊಕ್ಕೆಯ ಜಾಗದಲ್ಲಿ ಕುರ್ಚಿ ತೂಗುಹಾಕಿದರೆ ಮನುಷ್ಯರನ್ನೂ ಹಾಗೆಯೇ ಸಾಗಿಸಬಹುದು ಎಂದು ಯೋಚಿಸಿದ. ಇದನ್ನು ಬಸ್ಸಿನಲ್ಲಿ ಅಕ್ಕನಿಗೆ ಹೇಳಿದೆ. “ಅದಕ್ಕೇ ಕಣ್ಲಾ, ಗುಲ್ಮಾರ್ಗ್‌ನಲ್ಲಿ ನಮ್ಮನ್ನ ಹಂಗೆ ತುಂಬಿ ಕಳಿಸ್ತಿದ್ದದ್ದು” ಅಂದಳು.

ಗಗನಚುಕ್ಕಿಯ ವೀಕ್ಷಣಾ ಕಟ್ಟೆಯಲ್ಲಿ ನೀರಿನ ಹನಿ ಮುಖಕ್ಕೆ ರಾಚುತ್ತಿತ್ತು. ಎದುರಿಗೆ ಬಂಡೆಗಳ ಮೇಲೆ ಬೀಳುವ ಕಾವೇರಿ ಬೆಳ್ಳಗಲ್ಲ, ಹೊಸ ನೀರಿನ ಕೆಂಪು ಮಣ್ಣಿನ ಬಣ್ಣ. ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ನನ್ನ ಮನಸ್ಸಾಗಲೇ ಮುಂದಿನದಕ್ಕೆ ಹಾರಿತ್ತು. ಇನ್ನೊಂದು ಜಲಪಾತ ಭರಚುಕ್ಕಿ ಹತ್ತಿರವೇ ಅನ್ನಿಸಿದರೂ ರಸ್ತೆಯಲ್ಲಿ ಸತ್ತೇಗಾಲ ಹ್ಯಾಂಡ್‌ಪೋಸ್ಟ್ ಸುತ್ತಿಕೊಂಡು ಹೋಗಬೇಕು. ಅದು ಚಾಮರಾಜನಗರ ಜಿಲ್ಲೆಯ ಪಾಲು. ಮಧ್ಯರಂಗನ ಗುಡಿ ಅದೇ ದಾರಿ. ವೆಸ್ಲಿ ಸೇತುವೆಯ ಹಳೆಯ ಕಲ್ಲಿನ ಕಂಬಗಳಲ್ಲಿ ಒಂದಷ್ಟು 2018ರ ಪ್ರವಾಹಕ್ಕೆ ಹೋಗಿವೆ, ಉಳಿದದ್ದನ್ನಾದರೂ ನೋಡಬೇಕು. ಸಮಯ ಮಿಕ್ಕರೆ ತಲಕಾಡು. ಬಂದದ್ದು ಬಂದೆವು, ಎಲ್ಲ ಮುಗಿಸಿಬಿಡೋಣ ಎಂಬ ಆತುರ. ಅಕ್ಕ ಕದಲಲಿಲ್ಲ. ಸೆರಗು ತಲೆಗೆ ಹೊದ್ದು ಕಟ್ಟೆಯ ಮೇಲೆ ಕೂತಿದ್ದಳು.

“ಓಡೋದು ನೀರಿನ ಕೆಲ್ಸ, ನಿಂದಲ್ಲ. ಕೂತ್ಕೊ.”

ಕೂತೆ. ಮದುವೆಯಾದ ಹೊಸತರಲ್ಲಿ ಭಾವ ಒಮ್ಮೆ ಇಲ್ಲಿಗೆ ಕರೆದುಕೊಂಡು ಬಂದಿದ್ದರಂತೆ. ಆಮೇಲೆ ಮಕ್ಕಳು, ಹಿಪ್ಪುನೇರಳೆ ತೋಟ, ರೇಷ್ಮೆ ಹುಳ. ಇಷ್ಟು ಹತ್ತಿರವಿದ್ದೂ ಬರಲಾಗಿರಲಿಲ್ಲ. ಮನೆಯಲ್ಲಿ ಬಸ್ ಚಾರ್ಜ್ ಕೇಳಿ ನೀರು ನೋಡಲು ಹೋಗುತ್ತೇನೆಂದು ಹೇಳುವ ರೂಢಿ ನಮ್ಮ ಕಡೆಯ ಹೆಂಗಸರಿಗೆ ಇರಲಿಲ್ಲ. ಶಕ್ತಿ ಯೋಜನೆಯ ಟಿಕೆಟ್ ಅವಳಿಗೆ ಉಳಿಸಿದ್ದು ಹಣಕ್ಕಿಂತ ಹೆಚ್ಚಾಗಿ ಆ ಕೇಳುವ ಕೆಲಸವನ್ನು. ರಾಜಹಂಸ, ಎಸಿ ಬಸ್ಸಿಗೆ ಅದು ನಡೆಯುವುದಿಲ್ಲ. ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ. ಯಾವುದಕ್ಕೆ ಕೈ ಅಡ್ಡ ಹಾಕಬೇಕು, ಯಾವುದನ್ನು ಬಿಡಬೇಕು ಎಂಬುದು ಅವಳಿಗೆ ದೂರದಿಂದಲೇ ತಿಳಿಯುತ್ತದೆ.

ಪುಕ್ಕಟೆ ಟಿಕೆಟ್ ಇದ್ದದ್ದಕ್ಕೇ ಅವಳಿಗೆ ಆತುರವಿರಲಿಲ್ಲ ಎನ್ನುವುದಾದರೆ ಗುಲ್ಮಾರ್ಗಿನಲ್ಲಿ ದುಡ್ಡು ಕೊಟ್ಟ ಟಿಕೆಟ್ಟನ್ನು ಹೇಗೆ ಬಿಟ್ಟಳು? ಕೇಳಿಯೇಬಿಟ್ಟೆ. ಅವಳು ಉತ್ತರಕ್ಕೆ ದೂರ ಹೋಗಲಿಲ್ಲ. “ಗೂಡು ರಾಮನಗರದ ಮಾರ್ಕೆಟ್ಟಿಗೆ ಹಾಕ್ತೀವಲ್ಲ, ಅವತ್ತಿನ ಹರಾಜಲ್ಲಿ ಬಂದಿದ್ದೇ ರೇಟು. ಹುಳಕ್ಕೆ ಹಾಕಿದ ಸೊಪ್ಪು ಎಷ್ಟು, ಆಳಿಗೆ ಕೊಟ್ಟಿದ್ದೆಷ್ಟು ಅಂತ ಆ ಗೂಡಿನ ಮುಂದೆ ಅಳ್ತಾ ಕೂತ್ರೆ ಮುಂದಿನ ಬೆಳೆ ಯಾರು ಮಾಡೋರು? ಲೆಕ್ಕ ಮಾಡೋದಾದ್ರೆ ಮೊಟ್ಟೆ ತರೋಕ್ ಮುಂಚೆ ಮಾಡ್ಬೇಕು.”

ಅರ್ಥಶಾಸ್ತ್ರದವರು ಪುಟಗಟ್ಟಲೆ ಬರೆಯುವುದು ಇದನ್ನೇ. ಕೊಟ್ಟಾದ ಹಣ ವಾಪಸ್ ಬರುವುದಿಲ್ಲ. ಈಗ ಮಾಡುವ ತೀರ್ಮಾನದಲ್ಲಿ ಅದಕ್ಕೆ ಜಾಗವಿಲ್ಲ. ಲಿಫ್ಟ್ ಪಾಸಿನ ಲೆಕ್ಕವನ್ನು ಕೊಳ್ಳುವ ಮೊದಲು ಕೌಂಟರಿನ ಮುಂದೆ ನಿಂತು ಎಷ್ಟು ಬಿಗಿಯಾಗಿ ಬೇಕಾದರೂ ಹಾಕಿ. ಒಮ್ಮೆ ಕೊಂಡ ಮೇಲೆ ಕಾಲು, ಉಸಿರು, ಆಕಾಶ, ಮನಸ್ಸು ಈ ನಾಲ್ಕನ್ನು ಮಾತ್ರ ಕೇಳಬೇಕು.

ಹೀಗೆ ಕೇಳದಿದ್ದರೆ ಏನಾಗುತ್ತದೆ ಎಂಬುದು ಮುತ್ತತ್ತಿಯಲ್ಲಿ ಕಾಣುತ್ತದೆ. ಬೇರೊಂದು ದಿನ ಅಲ್ಲಿಗೂ ಹೋದೆವು. ಸೀತಾದೇವಿಯ ಮೂಗುತಿ ಕಾವೇರಿಗೆ ಬಿದ್ದಾಗ ಆಂಜನೇಯ ಬಾಲದಿಂದ ಮಡು ಕಲಕಿ ತೆಗೆದುಕೊಟ್ಟನಂತೆ. ಮುತ್ತೆತ್ತರಾಯನೆಂದು ಅವನನ್ನು ಪೂಜಿಸುವ ಊರು. ಕಾವೇರಿ ವನ್ಯಧಾಮದ ಒಳಗಿನ ದಾರಿ. ಬಸ್ಸುಗಳು ಕಡಿಮೆ, ಆದ್ದರಿಂದ ಇಲ್ಲಿ ಟಿಕೆಟ್ ದರಕ್ಕಿಂತ ವಾಪಸಿನ ಬಸ್ಸಿನ ಸಮಯ ಹೆಚ್ಚು ಬೆಲೆಯದು. ನದಿ ಮೇಲೆ ಶಾಂತ, ಒಳಗೆ ಸುಳಿ. ಈಜಬೇಡಿ ಎಂಬ ಎಚ್ಚರಿಕೆಯ ಮುಂದೆಯೇ ಬಟ್ಟೆ ಬಿಚ್ಚಿಟ್ಟು ಇಳಿಯುತ್ತಾರೆ. ಇಲ್ಲಿ ಮುಳುಗಿ ಸತ್ತವರ ಸುದ್ದಿ ನಮ್ಮ ಕಡೆಯ ಪೇಪರುಗಳಿಗೆ ಹೊಸದಲ್ಲ. “ಇಷ್ಟು ದೂರ ಬಂದು ನೀರಿಗೆ ಇಳಿಯದೆ ಹೋಗೋದಾ?” ಎಂದು ದಡದಲ್ಲಿ ಕೇಳಿದ ಮಾತು ಭಾವ ಕೊಂಗ್‌ಡೂರಿಯಲ್ಲಿ ಆಡಿದ ಮಾತೇ. ಸ್ಕೀ ಮೇಷ್ಟ್ರುಗಳೂ ಸಂಜೆಯ ಕೊನೆಯ ಸುತ್ತಿಗೆ ಹೆದರುವುದು ಇದಕ್ಕೇ. ಪಾಸಿನಲ್ಲಿ ಇನ್ನೂ ಅರ್ಧ ಗಂಟೆ ಉಳಿದಿರುತ್ತದೆ, ಕಾಲಿನಲ್ಲಿ ಉಳಿದಿರುವುದಿಲ್ಲ.

ಪಕ್ಕದ ಭೀಮೇಶ್ವರಿ ಒಂದು ಕಾಲಕ್ಕೆ ಮಹಶೀರ್ ಮೀನಿಗೆ ಗಾಳ ಹಾಕುವವರ ಶಿಬಿರ. ಹಿಡಿದ ಮೀನನ್ನು ವಾಪಸ್ ನೀರಿಗೆ ಬಿಡುವ ಆಟ, ದಿನವಿಡೀ ಕೂತರೂ ಮೀನು ಸಿಕ್ಕೀತೆಂಬ ಖಾತ್ರಿಯಿಲ್ಲ. ಈಗ ಅಲ್ಲಿ ಜಂಗಲ್ ಲಾಡ್ಜಸ್‌ನ ಸಾಹಸ ಶಿಬಿರ. ಊಟ, ವಸತಿ, ಆಟ ಸೇರಿಸಿ ಒಂದೇ ಬೆಲೆ. ಜಿಪ್‌ಲೈನು, ಕಯಾಕು, ತೆಪ್ಪ. ಎಲ್ಲವೂ ಸೇರಿದೆ ಎಂಬುದು ಬಂದವರಿಗೆ ಅನುಕೂಲ. ಎಲ್ಲವನ್ನೂ ಮಾಡಿ ಮುಗಿಸಲೇಬೇಕು ಎಂದು ಓದಿಕೊಳ್ಳುವುದು ಮಾತ್ರ ಅವರವರ ಆಯ್ಕೆ.

ಹಿಮದ ಊರಿಗೆ ಮೊದಲ ಸಲ ಹೊರಡುವ ಕನ್ನಡದ ಕುಟುಂಬಗಳಿಗೆ ಇಷ್ಟು ಹೇಳಬಲ್ಲೆ. ಗುಲ್ಮಾರ್ಗಿಗೆ ಹಿಮ ನೋಡಲು ಹೋಗುವುದಾದರೆ ಮೊದಲ ಹಂತದ ಟಿಕೆಟ್ ಸಾಕು. ಎರಡನೆಯದನ್ನು ಆಕಾಶ ತಿಳಿಯಾಗಿರುವ ಸಾಧ್ಯತೆ ನೋಡಿ, ಮಂಡಿ ಮತ್ತು ಉಸಿರು ಗಟ್ಟಿಯಿರುವವರಿಗೆ ಮಾತ್ರ ಮಾಡಿಸಿ. ಸ್ಕೀ ಕಲಿಯುವುದಾದರೆ ಮೊದಲ ಹಣ ಮೇಷ್ಟ್ರಿಗೆ, ನಂತರದ್ದು ಲಿಫ್ಟಿಗೆ. ಯುರೋಪು, ಅಮೆರಿಕದ ಕಡೆ ಹೋದರೆ ಹಲವು ದಿನದ ಪಾಸ್ ದಿನದ ಲೆಕ್ಕಕ್ಕೆ ಅಗ್ಗವೆನಿಸುತ್ತದೆ. ಆದರೆ ಎಷ್ಟು ದಿನ ನಿಜವಾಗಿ ಬೆಟ್ಟದ ಮೇಲಿರುತ್ತೀರಿ ಎಂದು ಮೊದಲು ಕೇಳಿಕೊಳ್ಳಿ. ಮೈ ನೋವಿಗೆ ಒಂದು ದಿನ, ಕೆಟ್ಟ ಹವಾಮಾನಕ್ಕೆ ಒಂದು ದಿನ ಕಳೆದು ಮಿಕ್ಕದ್ದಕ್ಕೆ ಪಾಸ್ ಕೊಳ್ಳಿ. ಅರ್ಧ ದಿನದ ಪಾಸ್, ಮಕ್ಕಳ ಮತ್ತು ಹಿರಿಯರ ರಿಯಾಯಿತಿ, ಹೊಸಬರ ಇಳಿಜಾರಿಗೆ ಬೇರೆ ದರ ಇದೆಯೇ ಎಂದು ವಿಚಾರಿಸಲು ಸಂಕೋಚ ಬೇಡ. ಲಿಫ್ಟ್ ನಿಂತರೆ ಹಣ ವಾಪಸ್ ಇದೆಯೇ ಎಂಬ ಸಾಲನ್ನು ಕೊಳ್ಳುವ ಮೊದಲು ಓದಿ. ವಾರದ ಮಧ್ಯೆ, ಬೆಳಿಗ್ಗೆ ಬೇಗ ಹೋದರೆ ಕ್ಯೂನಲ್ಲಿ ಕಳೆಯುವ ಗಂಟೆ ಬೆಟ್ಟದ ಮೇಲೆ ಸಿಗುತ್ತದೆ. ಅದಕ್ಕಿಂತ ದೊಡ್ಡ ರಿಯಾಯಿತಿ ಯಾವ ಕೌಂಟರಿನಲ್ಲೂ ಇಲ್ಲ.

ಇದಕ್ಕೆಲ್ಲ ಕಾಶ್ಮೀರದವರೆಗೆ ಹೋಗಿ ಅಭ್ಯಾಸ ಮಾಡಬೇಕೆಂದೂ ಇಲ್ಲ. ಕನ್ನಂಬಾಡಿಯ ಗೇಟು ತೆಗೆದ ಸುದ್ದಿ ಬಂದ ವಾರ, ಶನಿವಾರ ಭಾನುವಾರ ಬಿಟ್ಟು, ಬಸ್ಸು ಹತ್ತಿ ಮಳವಳ್ಳಿಯ ಮೇಲೆ ಗಗನಚುಕ್ಕಿಗೆ ಹೋಗಿ. ಅವತ್ತಿಗೆ ಅದೊಂದನ್ನೇ ನೋಡಿ. ಭರಚುಕ್ಕಿಗೆ ಇನ್ನೊಂದು ದಿನ ಹೋದರಾಯಿತು.